ಮಸ್ಟಾಂಗಿನ ಗೇರ್‌ಬಾಕ್ಸ್ ಇಳಿಸಿದ ಬಗೆ: ಕನ್ವರ್ಟರ್ ಯಾರ ಕಡೆ ಬರಬೇಕು?

ಕಾರು 1966ರ ಫೋರ್ಡ್ ಮಸ್ಟಾಂಗ್. 289 ಘನ ಇಂಚಿನ ವಿ8 ಎಂಜಿನ್, ಅದರ ಬೆನ್ನಿಗೆ ಸಿ4 ಎಂಬ ಮೂರು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ನನ್ನು ಅದರ ಜಾಗದಲ್ಲೇ ಬಿಟ್ಟು ಗೇರ್‌ಬಾಕ್ಸನ್ನು ಮಾತ್ರ ಕೆಳಗಿನಿಂದ ಇಳಿಸಬೇಕು, ಅದರ ಮುಂಭಾಗದ ಪಂಪಿನಲ್ಲಿ ಎಣ್ಣೆ ಸೋರಿಸುತ್ತಿರುವ ಆಯಿಲ್ ಸೀಲ್ ಎಂಬ ರಬ್ಬರ್ ಉಂಗುರ ಬದಲಿಸಬೇಕು, ಮತ್ತೆ ಏರಿಸಬೇಕು. ಕೆಲಸ ಇಷ್ಟೇ. ಸೀಲಿನ ಬೆಲೆ ಹೋಟೆಲಿನ ಒಂದು ಊಟಕ್ಕಿಂತ ಕಡಿಮೆ. ಆದರೆ ಅದರ ಮೇಲೆ ಕೈಯಿಡಬೇಕಾದರೆ ಕಾರಿನ ತಳದಲ್ಲಿರುವ ಅರ್ಧ ಸಾಮಾನನ್ನು ಬಿಚ್ಚಿ ನೆಲದ ಮೇಲೆ ಹರಡಬೇಕು.

ಚಾಲಕನ ಬಾಗಿಲಿನ ಅಂಚಿಗೆ ಬಡಿದ ಸಣ್ಣ ತಗಡಿನಲ್ಲಿ ಈ ಕಾರಿನ ಜಾತಕವೆಲ್ಲ ಇದೆ. ಸಂಖ್ಯೆ 6ಆರ್07ಸಿ ಎಂದು ಶುರುವಾಗುತ್ತದೆ. 6 ಎಂದರೆ 1966ರ ಮಾದರಿ; ಆರ್ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ; 07 ಎಂದರೆ ಗಟ್ಟಿ ಚಾವಣಿಯ ಎರಡು ಬಾಗಿಲಿನ ಕಾರು; ಸಿ ಎಂದರೆ ಎರಡು ಬ್ಯಾರಲ್ ಕಾರ್ಬ್ಯುರೇಟರಿನ, 200 ಅಶ್ವಶಕ್ತಿಯ 289. ಗೇರ್‌ಬಾಕ್ಸಿನ ಅಂಕಣದ ಕೆಳಗೆ 6 ಎಂದಿದ್ದರೆ ಸಿ4. ಸ್ಯಾನ್ ಹೋಸೆ ಎಂದು ಹೆಸರಾದರೂ ಆ ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1955ರಿಂದ 1983ರವರೆಗೆ ಅಲ್ಲಿ ಕಾರುಗಳು ತಯಾರಾದವು. 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ಈ ಸೀಮೆಯ ಕನ್ನಡದವರು ಊರಿಗೆ ಹೊರಡುವ ಮುನ್ನ ಬ್ಯಾಗು, ಬೂಟು, ಅಂಗಿ ಕೊಳ್ಳಲು ಸುತ್ತುವ ಜಾಗ ಅದೇ. ನನ್ನ ಮನೆ ಇರುವುದು ಫ್ರೀಮಾಂಟ್‌ನಲ್ಲಿ. ಕಾರು ಹುಟ್ಟಿದ ಜಾಗದಿಂದ ಅಷ್ಟೇನೂ ದೂರ ಬಂದಿಲ್ಲ. ಆ ವರ್ಷ ಆರು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್‌ಗಳು ತಯಾರಾದವು. ಹಾಗಾಗಿ ಇದೇನೂ ಅಪರೂಪದ ವಸ್ತುವಲ್ಲ. ಬಿಡಿಭಾಗಗಳು ಇವತ್ತಿಗೂ ಧಾರಾಳವಾಗಿ ಸಿಗುತ್ತವೆ. ಇಂಥ ಕೆಲಸಕ್ಕೆ ಕೈಹಾಕುವ ಧೈರ್ಯ ಬರುವುದೂ ಅದರಿಂದಲೇ.

ಸೋರಿಕೆ ಎಲ್ಲಿಂದ?

ಬೆಲ್ ಹೌಸಿಂಗಿನ, ಅಂದರೆ ಎಂಜಿನ್ನಿಗೆ ಕೂಡುವ ಗಂಟೆಯಾಕಾರದ ಮುಂಗವಚದ, ತಳದಿಂದ ಎಣ್ಣೆ ತೊಟ್ಟಿಕ್ಕಿದರೆ ಆರೋಪಿಗಳು ಒಬ್ಬಿಬ್ಬರಲ್ಲ. ಎಂಜಿನ್ನಿನ ಹಿಂದಿನ ಮೇನ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟ್ ಹೊರಬರುವಲ್ಲಿನ ಸೀಲ್, ಇರಬಹುದು. ವಾಲ್ವ್ ಕವರಿನ ಪ್ಯಾಕಿಂಗಿನಿಂದ ಹೊರಟ ಎಣ್ಣೆ ಬ್ಲಾಕಿನ ಬೆನ್ನಿನ ಮೇಲೆ ಇಳಿದು ಬಂದಿರಬಹುದು. ಕ್ಯಾಮ್ ಶಾಫ್ಟಿನ ಹಿಂದಿನ ಮುಚ್ಚಳ, ಎಂಜಿನ್ನಿನ ಬಲವನ್ನು ಪೆಟ್ಟಿಗೆಗೆ ದಾಟಿಸುವ ಎಣ್ಣೆ ತುಂಬಿದ ಪಾತ್ರೆಯಾದ ಕನ್ವರ್ಟರಿನ ಡ್ರೈನ್ ಪ್ಲಗ್ (ಎಣ್ಣೆ ಬಸಿಯುವ ಬಿರಡೆ), ಗೇರ್‌ಬಾಕ್ಸಿನ ಪಂಪ್ ಸೀಲ್, ಯಾವುದೂ ಇರಬಹುದು. ಎಲ್ಲದರ ಎಣ್ಣೆಯೂ ಕೊನೆಗೆ ಇಳಿಯುವುದು ಒಂದೇ ತೂತಿನಿಂದ.

ಈ ಕಾರನ್ನು ಹಿಂದೆ ನೋಡಿದ್ದ ಒಂದು ಗ್ಯಾರೇಜಿನವರು ಮೇನ್ ಸೀಲ್ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನನಗೆ ನಂಬಿಕೆ ಬರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಹೊಸದಿದ್ದಾಗ ಕೆಂಪಗಿರುತ್ತದೆ, ಹಳತಾದರೆ ಕಂದಾಗುತ್ತದೆ. ಕಂದಾದ ಮೇಲೆ ಅದಕ್ಕೂ ಎಂಜಿನ್ ಆಯಿಲಿಗೂ ಬಣ್ಣದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಆದ್ದರಿಂದ ಮೊದಲು ಗೇರ್‌ಬಾಕ್ಸಿನ ಎಣ್ಣೆಯನ್ನು ಹೊಸದಾಗಿ ತುಂಬಿದೆ, ತಳವನ್ನೆಲ್ಲ ತೊಳೆದು ಒರೆಸಿದೆ, ಕೆಳಗೆ ಬಿಳಿ ರಟ್ಟು ಹಾಸಿದೆ. ಸ್ವಲ್ಪ ಓಡಿಸಿ ತಂದು ನಿಲ್ಲಿಸಿದ ಮೇಲೆ ರಟ್ಟಿನ ಮೇಲೆ ಬಿದ್ದದ್ದು ಕುಂಕುಮದಷ್ಟು ಕೆಂಪು. ಹಾಗಾದರೆ ಎಂಜಿನ್ ನಿರಪರಾಧಿ, ಬಹುಮಟ್ಟಿಗೆ.

ಸಿ4 ಗೇರ್‌ಬಾಕ್ಸಿಗೆ ಸೋರುವ ಇನ್ನೊಂದು ಅಭ್ಯಾಸವೂ ಇದೆ. ಕಾರನ್ನು ವಾರಗಟ್ಟಲೆ ನಿಲ್ಲಿಸಿಟ್ಟರೆ ಕನ್ವರ್ಟರಿನೊಳಗಿನ ಎಣ್ಣೆ ನಿಧಾನವಾಗಿ ಕೆಳಗಿನ ಪ್ಯಾನಿಗೆ ಇಳಿಯುತ್ತದೆ. ಮಟ್ಟ ಏರಿ, ಎಡಬದಿಯಲ್ಲಿ ಗೇರ್ ಲಿವರಿನ ಶಾಫ್ಟ್ ಒಳಹೋಗುವಲ್ಲಿನ ಸೀಲಿನಿಂದ ಜಿನುಗುತ್ತದೆ. ಅದು ಪೆಟ್ಟಿಗೆಯ ನಡುವೆ ಎಡಕ್ಕೆ ಬೀಳುತ್ತದೆ. ಅದನ್ನು ಸರಿಪಡಿಸಲು ಪ್ಯಾನ್ ತೆಗೆದರೆ ಸಾಕು, ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ನನ್ನ ಕಾರಿನಲ್ಲಿ ಬೀಳುತ್ತಿದ್ದದ್ದು ಮುಂದೆ, ಬೆಲ್ ಹೌಸಿಂಗಿನ ತಳದಲ್ಲಿ. ನೋಡುವ ಕಿಂಡಿಯ ತಗಡು ತೆಗೆದು ಟಾರ್ಚ್ ಹಿಡಿದರೆ ಕನ್ವರ್ಟರಿನ ಡ್ರೈನ್ ಪ್ಲಗ್ ಒಣಗಿತ್ತು, ಅದರ ಹಿಂಬದಿ ಒದ್ದೆಯಾಗಿತ್ತು. ಉಳಿದದ್ದು ಪಂಪ್ ಸೀಲ್ ಒಂದೇ.

ಮೇಲಿನಿಂದಲೋ, ಕೆಳಗಿನಿಂದಲೋ

ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಕ್ರೇನಿನಿಂದ ಮೇಲೆತ್ತಿ ಹೊರಗಿಟ್ಟು ಬೇರ್ಪಡಿಸುವುದೇ ಸುಲಭ ಎನ್ನುವವರು ಬಹಳ. ಎಂಜಿನ್ನಿಗೂ ಕೆಲಸವಿದ್ದರೆ ನಾನೂ ಒಪ್ಪುತ್ತೇನೆ: ಜೋಡಿಸುವಾಗ ಎಲ್ಲವೂ ಕಣ್ಣೆದುರಿಗಿರುತ್ತದೆ, ಬೆನ್ನು ನೆಲಕ್ಕೆ ಹಚ್ಚಿ ಮಲಗಬೇಕಾಗಿಲ್ಲ. ಆದರೆ ಅದಕ್ಕೆ ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರಿನ ಸಂಪರ್ಕಗಳು, ವಯರಿಂಗು ಎಲ್ಲ ಬಿಚ್ಚಬೇಕು. ಈ ಕಾರಿನಲ್ಲಿ ಎರಡೂ ಬದಿಯ ಶಾಕ್ ಅಬ್ಸಾರ್ಬರ್ ಗೋಪುರಗಳು ಎಂಜಿನ್ನಿನ ಪಕ್ಕೆಗೇ ಒತ್ತಿಕೊಂಡಿವೆ. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಒಂದು ರಬ್ಬರ್ ಸೀಲಿನ ಸಲುವಾಗಿ ಅಲ್ಲಾಡಿಸುವುದು ನನಗೆ ಸರಿಕಾಣಲಿಲ್ಲ.

ಕೆಳಗಿನಿಂದ ಮಾಡುವುದಾದರೆ ಎತ್ತರವೇ ಮುಖ್ಯ. ಗೇರ್‌ಬಾಕ್ಸ್ ಜಾಕಿನ ಮೇಲೆ ಕುಳಿತ ಸಿ4, ಅದರ ಬೆಲ್ ಹೌಸಿಂಗಿನ ನೆತ್ತಿಯೂ ಸೇರಿ, ಕಾರಿನ ಅಂಚಿನ ಕೆಳಗೆ ನುಸುಳಿ ಹೊರಬರಬೇಕು. ಮಸ್ಟಾಂಗಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಒಡಲೇ ಚಾಸಿಸ್. ಸ್ಟ್ಯಾಂಡನ್ನು ಎಲ್ಲೆಂದರಲ್ಲಿ ಇಟ್ಟರೆ ನೆಲದ ತಗಡು ಒಳಕ್ಕೆ ಹೋಗುತ್ತದೆ. ಮುಂದೆ ದಪ್ಪ ರೈಲುಗಳ ಕೆಳಗೆ, ಹಿಂದೆ ಆಕ್ಸಲ್ ಕೊಳವೆಗಳ ಕೆಳಗೆ, ಹೀಗೆ ನಾಲ್ಕು ಭಾರದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಕೆಳಗೆ ಹೋಗುವ ಮೊದಲು ಕಾರನ್ನು ಎರಡೂ ಬದಿಯಿಂದ ಬಲವಾಗಿ ನೂಕಿ ನೋಡಿದೆವು. ಬಿಚ್ಚಿದ ಚಕ್ರಗಳನ್ನೂ ಬದಿಗೆ ಕೆಳಗೆ ತಳ್ಳಿಟ್ಟೆವು. ಜಾಕ್ ಎತ್ತುವುದಕ್ಕೆ ಮಾತ್ರ. ಅದರ ಭರವಸೆಯ ಮೇಲೆ ಕಾರಿನ ಕೆಳಗೆ ಮಲಗಬಾರದು.

ಬಿಚ್ಚುವ ಸರದಿ

ಬಹುವಚನದಲ್ಲಿ ಬರೆಯಲು ಕಾರಣ ನನ್ನ ಮಾವ. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಮಗಳ ಮನೆಗೆಂದು ಬಂದಿದ್ದರು. ಇಲ್ಲಿ ಹೊತ್ತು ಹೋಗದೆ ಬೇಸತ್ತಿದ್ದ ಅವರಿಗೆ ಗ್ಯಾರೇಜಿನಲ್ಲಿ ಕಾರು ಮೇಲೇರಿದ್ದನ್ನು ಕಂಡು ಜೀವ ಬಂದಂತಾಯಿತು. ಡಿಪೋದಲ್ಲಿ ಅವರು ಇಳಿಸಿದ ಗೇರ್‌ಬಾಕ್ಸುಗಳಿಗೆ ಲೆಕ್ಕವಿಲ್ಲ, ಆದರೆ ಅವೆಲ್ಲ ಕ್ಲಚ್ ಇದ್ದವು.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ. ಸ್ಟಾರ್ಟರ್ ಮೋಟಾರಿಗೆ ಬರುವ ದಪ್ಪ ತಂತಿಯ ಹತ್ತಿರ ಸ್ಪ್ಯಾನರ್ ಆಡಿಸುವ ಕೆಲಸವಿರುವುದರಿಂದ ಇದನ್ನು ಮುಂದೂಡುವಂತಿಲ್ಲ. ಆಮೇಲೆ ಎಣ್ಣೆ. ನನ್ನ ಸಿ4ರ ಪ್ಯಾನಿಗೆ ಡ್ರೈನ್ ಬೋಲ್ಟ್ ಇಲ್ಲ. ಡಿಪ್‌ಸ್ಟಿಕ್ಕಿನ ಕೊಳವೆ ಬಂದು ಪ್ಯಾನಿನ ಪಕ್ಕಕ್ಕೇ ಕೂಡುತ್ತದೆ, ಅದರ ದೊಡ್ಡ ನಟ್ ಬಿಚ್ಚಿದರೆ ಅಲ್ಲಿಂದ ಎಣ್ಣೆ ಇಳಿಯುತ್ತದೆ. ಅಗಲ ಬಾಯಿಯ ತಟ್ಟೆ ಇಡಬೇಕು, ಧಾರೆ ಶುರುವಾದಾಗ ಒಂದು ಕಡೆ ಇದ್ದದ್ದು ಕ್ಷಣದಲ್ಲಿ ಇನ್ನೊಂದು ಕಡೆಗೆ ತಿರುಗುತ್ತದೆ. ಇಷ್ಟಾದರೂ ಖಾಲಿಯಾಗುವುದು ಪ್ಯಾನ್ ಮಾತ್ರ. ಕನ್ವರ್ಟರಿನಲ್ಲಿ ಇನ್ನೂ ಬೇಕಾದಷ್ಟಿರುತ್ತದೆ. ಆ ಕಾಲದ ಕನ್ವರ್ಟರಿಗೆ ಡ್ರೈನ್ ಪ್ಲಗ್ ಇರುವುದು ದೊಡ್ಡ ಉಪಕಾರ. ಕಿಂಡಿಯ ನೇರಕ್ಕೆ ಪ್ಲಗ್ ಬರುವಂತೆ ಎಂಜಿನ್ ತಿರುಗಿಸಿ ಅದನ್ನೂ ಬರಿದು ಮಾಡಿದೆವು.

ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ತೆಗೆಯುವ ಮುನ್ನ ಡಿಫರೆನ್ಷಿಯಲಿನ ಕಡೆ ಎರಡೂ ತುಂಡಿನ ಮೇಲೆ ಬಣ್ಣದ ಗೆರೆ ಎಳೆದೆ, ಮತ್ತೆ ಅದೇ ಕೂಟದಲ್ಲಿ ಕೂರಲಿ ಎಂದು. ಹಿಂದಿನ ಯು ಬೋಲ್ಟುಗಳನ್ನು ಬಿಚ್ಚಿದೊಡನೆ ಕ್ರಾಸಿನ ಎರಡು ಬಟ್ಟಲುಗಳು ಬಿಡಿಯಾಗುತ್ತವೆ. ಅವು ಬಿದ್ದರೆ ಒಳಗಿನ ಸೂಜಿ ಬೇರಿಂಗುಗಳು ನೆಲದ ಪಾಲು. ಸುತ್ತ ಟೇಪ್ ಸುತ್ತಿಟ್ಟೆವು. ಶಾಫ್ಟಿನ ಮುಂದಿನ ತುದಿ ಗೇರ್‌ಬಾಕ್ಸಿನ ಬಾಲದಿಂದ ಸುಮ್ಮನೆ ಜಾರಿ ಬರುತ್ತದೆ, ಜೊತೆಗೆ ಉಳಿದ ಎಣ್ಣೆಯೂ. ಬಾಲದ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡ್ ಬಿಗಿದರೆ ಮುಂದಿನ ಕೆಲಸವೆಲ್ಲ ಒಣ ನೆಲದ ಮೇಲೆ ನಡೆಯುತ್ತದೆ.

ಸೈಲೆನ್ಸರ್ ಪೈಪು ಗೇರ್‌ಬಾಕ್ಸಿನ ಕೆಳಗೆ ಅಡ್ಡ ಹಾಯುವುದರಿಂದ ಅದೂ ಇಳಿಯಬೇಕು. ಮ್ಯಾನಿಫೋಲ್ಡಿನ ಸ್ಟಡ್ಡುಗಳು ಇಡೀ ಕಾರಿನಲ್ಲೇ ಮೊಂಡು. ತುಕ್ಕಿನೆಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡುವುದು, ಬೆಳಿಗ್ಗೆ ನಟ್ಟನ್ನು ಕಾಯಿಸಿ ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಎಂದು ಆಡಿಸುವುದು, ಇದಕ್ಕಿಂತ ಜಾಣತನದ ದಾರಿ ನನಗೆ ಗೊತ್ತಿಲ್ಲ. ಒಂದೇ ದಿಕ್ಕಿಗೆ ಎಳೆದವರ ಸ್ಟಡ್ಡು ತುಂಡಾಗಿ ಕೈಗೆ ಬರುತ್ತದೆ.

ಉಳಿದವು ಬೇಗ ಮುಗಿದವು: ಸ್ಪೀಡೋಮೀಟರ್ ಕೇಬಲ್, ಗೇರ್ ಲಿವರಿನ ಕಡ್ಡಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಗೇರ್ ಇಳಿಸುವ ಕಿಕ್‌ಡೌನ್ ಕಡ್ಡಿ, ನ್ಯೂಟ್ರಲ್ ಸ್ವಿಚ್ಚಿನ ತಂತಿ, ಎಂಜಿನ್ನಿನ ಭಾರ ನೋಡಿ ಗೇರ್ ಬದಲಾವಣೆಯನ್ನು ಹೊಂದಿಸುವ ಹಿಂಬದಿಯ ಮಾಡ್ಯುಲೇಟರಿಗೆ ಹೋಗುವ ವ್ಯಾಕ್ಯೂಮ್ ಪೈಪು. ಈ ಪೈಪನ್ನು ತೆಗೆದಾಗ ತುದಿಯನ್ನು ಮೂಸಿ, ಒಳಗೆ ಕಡ್ಡಿ ಆಡಿಸಿ ನೋಡುವುದು ಒಳ್ಳೆಯದು. ಒಳಗೆ ಕೆಂಪು ಎಣ್ಣೆಯಿದ್ದರೆ ಮಾಡ್ಯುಲೇಟರಿನ ಪೊರೆ ಹರಿದಿದೆ, ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತಿದೆ ಎಂದರ್ಥ. ನಮ್ಮದು ಒಣಗಿತ್ತು. ರೇಡಿಯೇಟರಿಗೆ ಹೋಗುವ ಎರಡು ಉಕ್ಕಿನ ಕೂಲರ್ ಪೈಪುಗಳಿಗೆ ಮಾತ್ರ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ. ಅದರ ತಿರುಪಿನ ಹಲ್ಲು ಕಿತ್ತುಹೋದರೆ ಹೊಸ ತಲೆನೋವು.

ಸ್ಪ್ಯಾನರಿನ ಮಾತು ಬಂದದ್ದರಿಂದ: ಈ ಕಾರಿನಲ್ಲಿ ಎಲ್ಲವೂ ಇಂಚಿನ ಲೆಕ್ಕ. 5/8ರ ತಲೆಗೆ 16 ಮಿಲಿಮೀಟರಿನದು ಹೇಗೋ ಕೂರುತ್ತದೆ. 9/16ಕ್ಕೆ 14 ಹೋಗುವುದೇ ಇಲ್ಲ, 15 ಹಾಕಿದರೆ ಮೂಲೆಗಳು ಸವೆಯುತ್ತವೆ. ಮಾವನವರಿಗೆ ಇದನ್ನು ಹೇಳಿಕೊಡಬೇಕಾಗಿ ಬರಲಿಲ್ಲ; ತಲೆ ಮುಟ್ಟಿ ನೋಡಿಯೇ ಡಬ್ಬಿಯಿಂದ ಸರಿಯಾದ ಸಾಕೆಟ್ ಎತ್ತಿಕೊಡುತ್ತಿದ್ದರು. ಅವರಿಂದ ಕಲಿತ ಇನ್ನೊಂದು ಪದ್ಧತಿ: "ಬಿಚ್ಚಿದ ಬೋಲ್ಟನ್ನು ಡಬ್ಬಿಗೆ ಹಾಕಬೇಡಿ ಅಳಿಯಂದಿರೇ, ಬಂದ ತೂತಿಗೇ ಎರಡು ಸುತ್ತು ಕೂರಿಸಿಬಿಡಿ." ಸಾಧ್ಯವಿದ್ದಲ್ಲೆಲ್ಲ ಹಾಗೇ ಮಾಡಿದೆವು. ಚೀಲ, ಚೀಟಿ, ಫೋಟೋ ಯಾವುದೂ ಇದರ ಮುಂದೆ ನಿಲ್ಲುವುದಿಲ್ಲ.

ಎಣ್ಣೆಯೇ ಗಾಡಿ ಎಳೆಯುತ್ತದೆಯೇ?

ಸ್ಟಾರ್ಟರ್ ಮೋಟಾರ್ ತೆಗೆದು ಕಿಂಡಿಯಿಂದ ಇಣುಕಿದ ಮಾವ ಕೇಳಿದರು: "ಇದರಲ್ಲಿ ಕ್ಲಚ್ ಪ್ಲೇಟ್ ಎಲ್ಲಿದೆ?"

"ಇಲ್ಲ ಮಾವ. ಇದರ ಕ್ಲಚ್ಚುಗಳೆಲ್ಲ ಪೆಟ್ಟಿಗೆಯೊಳಗೇ ಇವೆ. ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಇರುವುದು ಎಣ್ಣೆ ಮಾತ್ರ."

"ಎಣ್ಣೆಯೇ ಗಾಡಿ ಎಳೆಯುತ್ತದೆಯೇ?"

ಹೌದು, ಎಣ್ಣೆಯೇ ಎಳೆಯುತ್ತದೆ. ಟಾರ್ಕ್ ಕನ್ವರ್ಟರ್ ಎಂದರೆ ಸುತ್ತಲೂ ಮುಚ್ಚಿ ಬೆಸೆದ ಉಕ್ಕಿನ ದುಂಡು ಪಾತ್ರೆ. ಅದರ ಹೊರಕವಚ ಎಂಜಿನ್ ಜೊತೆ ತಿರುಗುತ್ತದೆ. ಕವಚಕ್ಕಂಟಿದ ರೆಕ್ಕೆಗಳು ಎಣ್ಣೆಯನ್ನು ಬೀಸಿ ಎಸೆಯುತ್ತವೆ. ಆ ಎಣ್ಣೆ ಎದುರಿನ ಟರ್ಬೈನಿನ ರೆಕ್ಕೆಗಳಿಗೆ ಬಡಿದು ಅದನ್ನು ತಿರುಗಿಸುತ್ತದೆ. ಟರ್ಬೈನ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ತಿರುಗಿಸುತ್ತದೆ. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರ ನಿಂತು, ಮರಳಿ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಎಳೆತವನ್ನು ಹೆಚ್ಚಿಸುತ್ತದೆ. ಸಿಗ್ನಲ್ಲಿನಲ್ಲಿ ಗೇರ್ ಹಾಕಿಕೊಂಡೇ ನಿಂತರೂ ಎಂಜಿನ್ ಆಫ್ ಆಗದಿರುವುದು ಇದರಿಂದಲೇ.

ಈಗ ಮುಖ್ಯ ಮಾತು. ಈ ಪಾತ್ರೆ ಎರಡೂ ಕಡೆಗೆ ಅಂಟಿಕೊಂಡಿದೆ. ಮುಂದೆ ನಾಲ್ಕು ಸ್ಟಡ್ಡು, ನಾಲ್ಕು ನಟ್ಟುಗಳಿಂದ, ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದೆ ಕೂರುವ ತೆಳು ಉಕ್ಕಿನ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೆ. ಹಿಂದೆ ಬೋಲ್ಟೇ ಇಲ್ಲದೆ, ಹಲ್ಲಿಗೆ ಹಲ್ಲು ಕೂಡಿ ಗೇರ್‌ಬಾಕ್ಸಿಗೆ. ಕ್ಲಚ್ ಇರುವ ಗಾಡಿಯಲ್ಲಿ ಗೇರ್‌ಬಾಕ್ಸನ್ನು ಹಿಂದಕ್ಕೆ ಎಳೆದರೆ ಕ್ಲಚ್ ಎಂಜಿನ್ ಕಡೆಗೇ ಉಳಿಯುತ್ತದೆ, ಅದು ಸರಿ. ಇಲ್ಲಿ ತದ್ವಿರುದ್ಧ. ಕನ್ವರ್ಟರ್ ಎಂಜಿನ್ನಿನಿಂದ ಬಿಡಿಸಿಕೊಂಡು ಗೇರ್‌ಬಾಕ್ಸಿನ ಜೊತೆಗೇ ಬರಬೇಕು. ಎಂಜಿನ್ ಕಡೆ ಉಳಿದರೆ ಗೇರ್‌ಬಾಕ್ಸಿನ ಭಾರವೆಲ್ಲ ಒಂದು ಶಾಫ್ಟಿನ ಮೇಲೆ, ಪಂಪಿನ ಮೇಲೆ ನೇತುಬೀಳುತ್ತದೆ. ಎಣ್ಣೆಯೂ ಕನ್ವರ್ಟರೂ ಬಿಟ್ಟು ಬರೀ ಸಿ4 ಸುಮಾರು 50 ಕಿಲೋ.

ಆ ನಾಲ್ಕು ನಟ್ಟುಗಳು 9/16ರವು. ಕಿಂಡಿಯಲ್ಲಿ ಒಂದು ಬಾರಿಗೆ ಒಂದೇ ಕಾಣುತ್ತದೆ. ಒಂದನ್ನು ಬಿಚ್ಚಿ, ಎಂಜಿನ್ನಿನ ಮುಂದೆ ಕ್ರ್ಯಾಂಕ್ ಬೋಲ್ಟಿಗೆ 15/16ರ ಸಾಕೆಟ್ ಹಾಕಿ ಕಾಲು ಸುತ್ತು ತಿರುಗಿಸಿ, ಮುಂದಿನದಕ್ಕೆ ಹೋಗಬೇಕು. ಸ್ಪಾರ್ಕ್ ಪ್ಲಗ್‌ಗಳನ್ನು ಮೊದಲೇ ತೆಗೆದಿಟ್ಟರೆ ಎಂಜಿನ್ ಬೆಣ್ಣೆಯಷ್ಟು ಹಗುರಾಗಿ ತಿರುಗುತ್ತದೆ. ಮುಂದೆ ನಿಂತು ನೋಡುವವರಿಗೆ ಗಡಿಯಾರದ ದಿಕ್ಕಿಗೇ ತಿರುಗಿಸಬೇಕು; ಹಿಂದಕ್ಕೆ ತಿರುಗಿಸಿದರೆ ಆ ಬೋಲ್ಟೇ ಸಡಿಲವಾಗಬಹುದು. ಫ್ಲೆಕ್ಸ್‌ಪ್ಲೇಟಿನ ಯಾವ ತೂತಿಗೆ ಡ್ರೈನ್ ಪ್ಲಗ್ ನೇರವಾಗಿತ್ತು ಎಂದು ಬಿಳಿ ಬಣ್ಣದಲ್ಲಿ ಗುರುತು ಹಾಕಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ನಟ್ಟುಗಳೆಲ್ಲ ಬಂದ ಮೇಲೆ ಅಗಲ ಬಾಯಿಯ ಸ್ಕ್ರೂಡ್ರೈವರ್ ಹಾಕಿ ಕನ್ವರ್ಟರನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದೆ. ಸ್ವಲ್ಪ ಸರಿದು ನಿಂತಿತು. ಇದನ್ನು ಇನ್ನೊಂದು ಬೋಲ್ಟ್ ಮುಟ್ಟುವ ಮೊದಲೇ ನೋಡಿಕೊಳ್ಳಬೇಕು. ಕೆಲವೊಮ್ಮೆ ಕನ್ವರ್ಟರಿನ ಮೂತಿ ಕ್ರ್ಯಾಂಕಿನ ಹಿಂದಿನ ಗುಂಡಿಯಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಗೇರ್‌ಬಾಕ್ಸ್ ಇನ್ನೂ ಗಟ್ಟಿಯಾಗಿ ನಿಂತಿರುವಾಗಲೇ ಅದನ್ನು ಬಿಡಿಸುವುದು ಕ್ಷೇಮ.

ಮೇಲಿನ ಎರಡು ಬೋಲ್ಟುಗಳು

ಗೇರ್‌ಬಾಕ್ಸಿನ ಹೊಟ್ಟೆಗೆ ಜಾಕ್ ಕೊಟ್ಟು, ಪಟ್ಟಿ ಬಿಗಿದು, ಮೌಂಟಿಂಗ್ ರಬ್ಬರ್, ಪೆಟ್ಟಿಗೆಯನ್ನು ಹೊತ್ತ ಅಡ್ಡ ತೊಲೆಯಾದ ಕ್ರಾಸ್ ಮೆಂಬರ್ ಎರಡನ್ನೂ ತೆಗೆದೆವು. ಈಗ ಎಂಜಿನ್ನಿನ ಹಿಂಭಾಗಕ್ಕೆ ಆಧಾರವಿಲ್ಲ. ಅದರ ಸಂಪಿನ, ಅಂದರೆ ತಳದ ಎಣ್ಣೆ ತಟ್ಟೆಯ, ಕೆಳಗೆ ಅಗಲದ ಮರದ ಹಲಗೆ, ಹಲಗೆಯ ಕೆಳಗೆ ಇನ್ನೊಂದು ಜಾಕ್. ಬರೀ ಜಾಕಿನ ತಲೆ ಕೊಟ್ಟರೆ ಸಂಪಿನ ತಗಡು ಗುಳಿ ಬೀಳುತ್ತದೆ.

ಬೆಲ್ ಹೌಸಿಂಗನ್ನು ಎಂಜಿನ್ನಿಗೆ ಹಿಡಿದಿರುವುದು ಆರು ಬೋಲ್ಟುಗಳು. (1964ರ ಆಗಸ್ಟಿಗೆ ಮುಂಚಿನ ಬ್ಲಾಕುಗಳಲ್ಲಿ ಐದು, ಹಳೆಯ ಭಾಗ ಕೊಳ್ಳುವವರು ಇದನ್ನು ಮೊದಲು ಎಣಿಸಬೇಕು, ಎರಡೂ ಒಂದಕ್ಕೊಂದು ಕೂಡುವುದಿಲ್ಲ.) ಕೆಳಗಿನವು ಕೈಗೆ ಸಿಗುತ್ತವೆ. ನೆತ್ತಿಯ ಎರಡು ಕಾರಿನ ನೆಲದ ಸುರಂಗದೊಳಗೆ ಅಡಗಿವೆ, ಅಲ್ಲಿಗೆ ಕೈಯೂ ಹೋಗುವುದಿಲ್ಲ ಕಣ್ಣೂ ಹೋಗುವುದಿಲ್ಲ. ಉಪಾಯವೆಂದರೆ ಎರಡೂ ಜಾಕುಗಳನ್ನು ಹೊಂದಿಸಿಕೊಂಡು ಎಂಜಿನ್ನಿನ ಹಿಂಭಾಗವನ್ನು ಸ್ವಲ್ಪ ಕೆಳಗೆ ಬಾಗಿಸುವುದು, ಗೇರ್‌ಬಾಕ್ಸಿನ ಬಾಲದ ಕಡೆಯಿಂದ ಅದರ ಬೆನ್ನ ಮೇಲೆ ಎರಡು ಅಡಿ ಉದ್ದದ ಎಕ್ಸ್‌ಟೆನ್ಷನ್ ತೂರಿಸುವುದು. ಫೋರ್ಡಿನ ಈ ಎಂಜಿನ್ನಿಗೆ ಡಿಸ್ಟ್ರಿಬ್ಯೂಟರ್ ಮುಂದಿದೆ, ಅದರಿಂದ ಬಾಗಿಸುವಾಗ ಅದು ಹಿಂದಿನ ಗೋಡೆಗೆ ಬಡಿಯುವ ಭಯವಿಲ್ಲ. ಷೆವರ್ಲೆ ವಿ8 ಇಟ್ಟುಕೊಂಡವರಿಗೆ ಈ ಸುಖವಿಲ್ಲ. ಆದರೆ ಮುಂದೆ ಫ್ಯಾನಿನ ರೆಕ್ಕೆ ರೇಡಿಯೇಟರಿನ ಕಡೆಗೆ ವಾಲುವುದನ್ನು ಒಬ್ಬರು ನೋಡುತ್ತಲೇ ಇರಬೇಕು. ನಾನು ಕೆಳಗಿದ್ದೆ, ಮಾವ ಬಾನೆಟ್ಟಿನ ಬಳಿ ನಿಂತು "ಸಾಕು" ಎಂದ ಕಡೆ ನಿಲ್ಲಿಸಿದೆ.

ಬೋಲ್ಟುಗಳೆಲ್ಲ ಬಂದ ಮೇಲೂ ಪೆಟ್ಟಿಗೆ ಅಲುಗಲಿಲ್ಲ. ಬ್ಲಾಕಿನ ಬೆನ್ನಿನಲ್ಲಿ ಜಾಗ ತಪ್ಪದಂತೆ ಹಿಡಿಯುವ ಎರಡು ಡವಲ್ ಪಿನ್ನುಗಳಿವೆ, ಬೆಲ್ ಹೌಸಿಂಗ್ ಅವಕ್ಕೆ ಬಿಗಿಯಾಗಿ ಕೂರುತ್ತದೆ. ಎಡಬಲಕ್ಕೆ ಸರದಿಯಂತೆ ಸಣ್ಣಗೆ ಮೀಟುತ್ತ ಹೋದರೆ ಬಿಡುತ್ತದೆ. ಮೀಟುಗೋಲನ್ನು ಎಲ್ಲಿಡುತ್ತೇವೆ ಎಂಬುದರ ಮೇಲೆ ಗಮನವಿರಲಿ: ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವೆ ಒಂದು ತೆಳು ತಗಡು ಇದೆ, ಅದು ಮಡಚಿಹೋದರೆ ಸ್ಟಾರ್ಟರ್ ಸರಿಯಾಗಿ ಕೂರುವುದಿಲ್ಲ.

ಬಿಟ್ಟಿತು. ಒಂದು ಇಂಚು ಹಿಂದಕ್ಕೆ ಬಂದ ಕೂಡಲೇ ನಿಲ್ಲಿಸಿ, ಟಾರ್ಚ್ ಹಾಕಿ, ಸ್ಟಡ್ಡುಗಳು ಫ್ಲೆಕ್ಸ್‌ಪ್ಲೇಟಿನ ತೂತುಗಳಿಂದ ಪೂರ್ತಿ ಹೊರಬಂದಿವೆಯೇ ಎಂದು ನೋಡಿದೆ. ಬಂದಿದ್ದವು. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿಯೊಂದನ್ನು ಬೋಲ್ಟ್ ಮಾಡಿದೆವು, ಕನ್ವರ್ಟರ್ ಮುಂದಕ್ಕೆ ಜಾರಿ ಬೀಳದಂತೆ. ಆಮೇಲೆ ಜಾಕಿನ ಮೂತಿ ತುಸು ಮೇಲಿರುವಂತೆ ನೋಡಿಕೊಂಡು, ನಿಧಾನವಾಗಿ ಇಳಿಸಿ, ಬದಿಯಿಂದ ಹೊರಗೆಳೆದೆವು.

ಒಳಗೆ ಕಂಡದ್ದು

ಸಿ4ರಲ್ಲಿ ಕನ್ವರ್ಟರನ್ನು ಹೊರಗೆಳೆಯುವಾಗ ಕೆಲವೊಮ್ಮೆ ಅದರ ಜೊತೆ ಇನ್‌ಪುಟ್ ಶಾಫ್ಟೂ ಬಂದುಬಿಡುತ್ತದೆ. ಮುರಿದುಹೋಯಿತೆಂದು ಎದೆ ಧಸಕ್ಕೆನ್ನುವ ಹಾಗೆ. ಏನೂ ಆಗಿರುವುದಿಲ್ಲ, ಎರಡೂ ತುದಿಗೆ ಹಲ್ಲುಗಳಿರುವ ಬಿಡಿ ಶಾಫ್ಟ್ ಅದು, ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿದರೆ ಕೂರುತ್ತದೆ. ನಮ್ಮದೂ ಬಂತು. ಮಾವ ಅದನ್ನು ಕೈಯಲ್ಲಿ ಹಿಡಿದು "ಇಷ್ಟು ಸಣ್ಣದೇ?" ಎಂದರು. ಆ ವರ್ಷಗಳ ಸಿ4ರ ಶಾಫ್ಟಿಗೆ 24 ಹಲ್ಲು, ದಪ್ಪ ಹೆಬ್ಬೆರಳಿಗಿಂತ ಹೆಚ್ಚಿಲ್ಲ. ಬಸ್ಸಿನ ಗೇರ್‌ಬಾಕ್ಸ್ ನೋಡಿದವರ ಕಣ್ಣಿಗೆ ಆಟಿಕೆಯಂತೆ ಕಾಣುವುದು ಸಹಜ.

ಪಂಪಿನ ಸೀಲಿನ ತುಟಿ ಮರದಂತೆ ಗಟ್ಟಿಯಾಗಿತ್ತು, ಉಗುರಿನಿಂದ ಒತ್ತಿದರೆ ಬಾಗುತ್ತಲೇ ಇರಲಿಲ್ಲ. ಸೀಲ್ ಕಿತ್ತು ಹೊಸದು ಬಡಿದರೆ ಮುಗಿಯಿತೇ? ಇಲ್ಲ. ಅದರ ಹಿಂದಿರುವ ಬುಷ್ ಸವೆದಿದ್ದರೆ ಕನ್ವರ್ಟರ್ ಓಲಾಡುತ್ತ ತಿರುಗಿ ಹೊಸ ಸೀಲನ್ನೂ ಬೇಗ ತಿಂದುಹಾಕುತ್ತದೆ. ಕನ್ವರ್ಟರಿನ ಕತ್ತನ್ನು ಬುಷ್ಷಿಗೆ ಹಾಕಿ ಅಲ್ಲಾಡಿಸಿ ನೋಡಿದೆವು, ಆಟ ಹೆಚ್ಚಿರಲಿಲ್ಲ. ಕತ್ತಿನ ಮೇಲೆ, ಸೀಲ್ ಉಜ್ಜುವ ಜಾಗದಲ್ಲಿ, ಒಂದು ಹೊಳೆಯುವ ಉಂಗುರ ಬಿದ್ದಿತ್ತು. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳಲಿಲ್ಲ, ಅಂದರೆ ಬರೀ ಹೊಳಪು, ಗೀರಲ್ಲ. ಅತಿ ನಯವಾದ ಎಮರಿ ಬಟ್ಟೆಯಿಂದ ಸುತ್ತಲೂ ಒರೆಸಿ, ಶುದ್ಧ ಮಾಡಿ, ಹೊಸ ಸೀಲಿನ ತುಟಿಗೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಸವರಿದೆವು.

ಫ್ಲೆಕ್ಸ್‌ಪ್ಲೇಟನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಮತ್ತೆ ಬರುವುದಿಲ್ಲ. ಕ್ರ್ಯಾಂಕಿನ ಆರು ಬೋಲ್ಟುಗಳ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುವುದು ಇದಕ್ಕೆ ಸಾಮಾನ್ಯ ರೋಗ. ನಮ್ಮದರಲ್ಲಿ ಬಿರುಕು ಇರಲಿಲ್ಲ, ಅಂಚಿನಲ್ಲಿ ಸ್ಟಾರ್ಟರ್ ಕಚ್ಚುವ 157 ಹಲ್ಲುಗಳೂ ಚೆನ್ನಾಗಿದ್ದವು. ಬದಲಿಸಬೇಕಾದವರಿಗೆ ಒಂದು ಎಚ್ಚರಿಕೆ: 289ಕ್ಕೆ 28 ಔನ್ಸ್ ಅಸಮತೋಲನದ ಪ್ಲೇಟ್ ಬೇಕು. ಇದೇ ವಂಶದ 302 ಎಂಜಿನ್ನಿಗೆ 1980ರ ದಶಕದ ಆರಂಭದಲ್ಲಿ ಇದು 50 ಔನ್ಸ್ ಆಯಿತು. ಹೊಸ ಕಾಲದ್ದನ್ನು ಹಳೆಯದಕ್ಕೆ ಹಾಕಿದರೆ ಬೋಲ್ಟುಗಳೆಲ್ಲ ಸರಿಯಾಗಿ ಕೂರುತ್ತವೆ, ಎಂಜಿನ್ ಮಾತ್ರ ನಡುಗುತ್ತದೆ.

ಎಂಜಿನ್ನಿನ ಹಿಂದಿನ ಮೇನ್ ಸೀಲ್ ತುಸು ತೇವವಾಗಿತ್ತು, ತೊಟ್ಟಿಕ್ಕುತ್ತಿರಲಿಲ್ಲ. ಇಷ್ಟು ಬಿಚ್ಚಿದ ಮೇಲೆ ಅದನ್ನೂ ಮಾಡಿಬಿಡಿ ಎಂದು ಹೇಳುವವರು ನೂರು ಜನ. ಆದರೆ ಅದು ಎರಡು ತುಂಡಿನ ಹಗ್ಗದ ಸೀಲ್. ಬದಲಿಸಲು ಸಂಪ್ ಇಳಿಸಿ, ಮೇನ್ ಬೇರಿಂಗಿನ ಟೋಪಿ ಬಿಚ್ಚಿ, ಮೇಲಿನ ಅರ್ಧವನ್ನು ಕ್ರ್ಯಾಂಕಿನ ಬೆನ್ನ ಮೇಲಿಂದ ನುಸುಳಿಸಬೇಕು. ಗೇರ್‌ಬಾಕ್ಸ್ ಇಳಿಸಿದ್ದರಿಂದ ಆ ಕೆಲಸ ಎಳ್ಳಷ್ಟೂ ಸುಲಭವಾಗುವುದಿಲ್ಲ. ಬಿಟ್ಟೆ.

ಮತ್ತೆ ಏರಿಸುವಾಗ

ಇಳಿಸುವಾಗ ತೋರಿದ ಎಚ್ಚರವೆಲ್ಲ ಫಲ ಕೊಡುವುದು ಇಲ್ಲಿ. ಕನ್ವರ್ಟರಿನೊಳಗೆ ಒಂದು ಲೀಟರಿನಷ್ಟು ಎಣ್ಣೆ ತುಂಬಿ, ಗೇರ್‌ಬಾಕ್ಸನ್ನು ಮೂತಿ ಮೇಲಾಗಿ ನಿಲ್ಲಿಸಿ, ಕನ್ವರ್ಟರನ್ನು ತಿರುಗಿಸುತ್ತ ಒಳಕ್ಕೆ ಬಿಡಬೇಕು. ಅದು ಮೂರು ಕಡೆ ಕೂಡಬೇಕು: ಇನ್‌ಪುಟ್ ಶಾಫ್ಟಿನ ಹಲ್ಲಿಗೆ, ಸ್ಟೇಟರಿನ ಆಧಾರದ ಹಲ್ಲಿಗೆ, ಕೊನೆಯದಾಗಿ ಪಂಪಿನ ಒಳಗಿನ ಗೇರಿಗೆ. ಪ್ರತಿಯೊಂದು ಕೂಡಿದಾಗಲೂ ಕನ್ವರ್ಟರ್ ಠಕ್ಕೆಂದು ಒಂದು ಮೆಟ್ಟಿಲು ಇಳಿಯುತ್ತದೆ. ಮೋಸ ಮಾಡುವುದು ಮೂರನೆಯದು. ಎರಡು ಇಳಿದಾಗಲೇ ಕನ್ವರ್ಟರ್ ಸರಾಗವಾಗಿ ತಿರುಗುತ್ತದೆ, ಕೂತಿತೆಂದೇ ಅನ್ನಿಸುತ್ತದೆ. ಹಾಗೆಯೇ ಏರಿಸಿ ಬೋಲ್ಟ್ ಬಿಗಿದರೆ, ಬಿಗಿಯುವ ಬಲವೆಲ್ಲ ಕನ್ವರ್ಟರಿನ ಮೂಲಕ ಪಂಪಿನ ಗೇರಿನ ಮೇಲೆ ಬೀಳುತ್ತದೆ. ಕೀಲಿ ತಿರುಗಿಸಿದ ಮೊದಲ ಸಲವೇ ಪಂಪ್ ಒಡೆಯುತ್ತದೆ.

ಆದ್ದರಿಂದ ಕಿವಿಯನ್ನು ನಂಬದೆ ಅಳತೆ ಮಾಡಿದೆವು. ಇಳಿಸಿದ ದಿನವೇ, ಕನ್ವರ್ಟರ್ ತೆಗೆಯುವ ಮೊದಲು, ಬೆಲ್ ಹೌಸಿಂಗಿನ ಬಾಯಿಗೆ ಉಕ್ಕಿನ ಅಳತೆಪಟ್ಟಿ ಅಡ್ಡ ಇಟ್ಟು ಸ್ಟಡ್ಡಿನ ಬುಡ ಎಷ್ಟು ಒಳಗಿದೆ ಎಂದು ಬರೆದಿಟ್ಟಿದ್ದೆ. ಈಗ ಅದೇ ಅಂಕಿ ಬಂದ ಮೇಲೆಯೇ ಜಾಕಿನ ಮೇಲೆ ಏರಿಸಿದ್ದು.

ಇನ್ನೂ ಎರಡು ಪರೀಕ್ಷೆಗಳಿವೆ. ಬೆಲ್ ಹೌಸಿಂಗ್ ಡವಲ್ ಪಿನ್ನುಗಳ ಮೇಲೆ ಕೈಯ ಬಲದಲ್ಲೇ ಬಂದು ಬ್ಲಾಕಿಗೆ ಪೂರ್ತಿ ಕೂಡಬೇಕು. ಸಂದು ಉಳಿದಿದೆ, ಬೋಲ್ಟಿನಿಂದ ಎಳೆದುಕೊಳ್ಳೋಣ ಎಂದರೆ ಮೇಲೆ ಹೇಳಿದ ಅನಾಹುತವೇ. ಬೋಲ್ಟುಗಳು ಬಿಗಿಯಾದ ಮೇಲೆ ಕಿಂಡಿಯಿಂದ ಕೈಹಾಕಿ ನೋಡಿದರೆ ಕನ್ವರ್ಟರ್ ಇನ್ನೂ ಬೆರಳಿಗೆ ತಿರುಗಬೇಕು, ಹಿಂದೆ ಪೂರ್ತಿ ಸರಿದಾಗ ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ ಸಣ್ಣ ಸಂದು ಇರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗದಿಂದ ಹದಿನಾರನೇ ಮೂರು ಭಾಗದವರೆಗೆ ಇದ್ದರೆ ಸರಿ. ನಮಗೆ ಸಿಕ್ಕಿದ್ದು 1/8. ಕನ್ವರ್ಟರನ್ನು ಮುಂದಕ್ಕೆ ಎಳೆದು, ಬಿಳಿ ಗುರುತು ನೋಡಿ ಡ್ರೈನ್ ಪ್ಲಗ್ ತನ್ನ ತೂತಿಗೆ ಬರುವಂತೆ ಹೊಂದಿಸಿ, ನಾಲ್ಕು ನಟ್ಟುಗಳನ್ನು ಕಂಪನಿಯ ರಿಪೇರಿ ಪುಸ್ತಕದ ಲೆಕ್ಕದಂತೆ ಟಾರ್ಕ್ ರೆಂಚಿನಿಂದ ಬಿಗಿದೆ. ಉಳಿದದ್ದು ಬಿಚ್ಚಿದ ಸರದಿಯ ಹಿಮ್ಮುಖ. ಬೋಲ್ಟುಗಳು ತಮ್ಮ ತೂತುಗಳಲ್ಲೇ ಕಾಯುತ್ತಿದ್ದುದರಿಂದ ಹುಡುಕಾಟವೇ ಇರಲಿಲ್ಲ.

ಎಣ್ಣೆ ಟೈಪ್ ಎಫ್. ಅಂಗಡಿಯಲ್ಲಿ ಮುಂದಿನ ಸಾಲಿನಲ್ಲಿರುವ ಹೊಸ ಕಾಲದ ಎಣ್ಣೆಗಳು ಕ್ಲಚ್ಚುಗಳು ಮೆತ್ತಗೆ ಹಿಡಿಯಲೆಂದು ಜಾರುವ ಗುಣ ಬೆರೆಸಿ ಮಾಡಿದವು. ಈ ಕಾಲದ ಫೋರ್ಡ್ ಪೆಟ್ಟಿಗೆಗಳನ್ನು ತಟ್ಟನೆ ಹಿಡಿಯುವ ಎಣ್ಣೆಗೆಂದೇ ರೂಪಿಸಲಾಗಿತ್ತು. ಅರೆಖಾಲಿ ಕನ್ವರ್ಟರ್ ಪೂರ್ತಿ ತುಂಬಿಕೊಳ್ಳುತ್ತ ಮಟ್ಟ ಇಳಿಯುತ್ತಲೇ ಹೋಗುವುದರಿಂದ, ಅರ್ಧಕ್ಕಿಂತ ಹೆಚ್ಚು ಸುರಿದು ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಲಿವರನ್ನು ಎಲ್ಲ ಸ್ಥಾನಗಳಿಗೂ ಒಯ್ದು ತಂದು, ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಹಾಕಿದೆವು. ಅಳೆಯುವುದು ಎಣ್ಣೆ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ, ಪಾರ್ಕ್‌ನಲ್ಲಿ.

ಮೊದಲ ಓಟಕ್ಕೆ ಮಾವ ಪಕ್ಕದಲ್ಲಿ ಕುಳಿತರು. 1966ರ ಲಿವರಿನಲ್ಲಿ ಡಿ ಎಂಬ ಅಕ್ಷರವಿಲ್ಲ, ಎರಡು ಚುಕ್ಕಿಗಳಿವೆ. ದೊಡ್ಡ ಹಸಿರು ಚುಕ್ಕಿಯಲ್ಲಿಟ್ಟರೆ ಒಂದನೇ ಗೇರಿನಿಂದ ಹೊರಡುತ್ತದೆ, ಸಣ್ಣದರಲ್ಲಿ ಎರಡನೆಯದರಿಂದ, ಜಾರುವ ರಸ್ತೆಗೆಂದು. ಇದು ತಿಳಿಯದೆ ಸಣ್ಣ ಚುಕ್ಕಿಯಲ್ಲೇ ಓಡಿಸಿ, ಒಂದನೇ ಗೇರ್ ಹೋಗಿದೆಯೆಂದು ಪೆಟ್ಟಿಗೆ ಇಳಿಸಲು ಹೊರಡುವವರೂ ಇದ್ದಾರೆ. ಹಸಿರಿನಲ್ಲಿಟ್ಟು ಹೊರಟೆವು. ಒಂದು, ಎರಡು, ಮೂರು, ಎಲ್ಲವೂ ಮುಂಚಿನಂತೆಯೇ ಬಿದ್ದವು. ಪೂರ್ತಿ ಒತ್ತಿದಾಗ ಕಿಕ್‌ಡೌನ್ ಮಾತ್ರ ತಡವಾಗಿ ಬರುತ್ತಿತ್ತು, ಮನೆಗೆ ಬಂದು ಆ ಕಡ್ಡಿಯ ಉದ್ದ ಸರಿಪಡಿಸಿದೆ. ಹಳೆಯ ಎಣ್ಣೆಯನ್ನು ಡಬ್ಬಗಳಲ್ಲಿ ತುಂಬಿ ಬಿಡಿಭಾಗಗಳ ಅಂಗಡಿಗೆ ಕೊಟ್ಟಾಯಿತು, ಇಲ್ಲಿ ಅವರೇ ಅದನ್ನು ತೆಗೆದುಕೊಳ್ಳುತ್ತಾರೆ. ಬಿಳಿ ರಟ್ಟನ್ನು ಈಗಲೂ ಕಾರಿನ ಕೆಳಗೆ ಹಾಸಿಡುತ್ತೇನೆ. ಕೆಂಪು ಚುಕ್ಕೆ ಕಂಡಿಲ್ಲ. ಅಪರೂಪಕ್ಕೊಮ್ಮೆ ಕಪ್ಪು ಚುಕ್ಕೆಯೊಂದು ಬೀಳುತ್ತದೆ, ಅದು ನಾನು ಮುಟ್ಟದೆ ಬಿಟ್ಟ ಮೇನ್ ಸೀಲಿನದು.